ಪಿಎಫ್ ರೊಕ್ಕ ತೆಗೆದು ಒಂದೂವರೆ ವರ್ಷದ ಮೇಲೆ ತೆರಿಗೆ ಕಟ್ಟು ಅಂತಿದ್ದಾರೆ, ಇದು ಹೇಗೆ?

ಕೌಲ್‌ಬಜಾರ್_ಹುಡುಗ, ಬಳ್ಳಾರಿ
2025ರ ನವೆಂಬರ್ 9

ಎಲ್ಲರಿಗೂ ನಮಸ್ಕಾರ. ಪಿಎಫ್, ತೆರಿಗೆ ಎರಡೂ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಸಂಡೂರು ಕಡೆ ಒಂದು ಗುತ್ತಿಗೆ ಕಂಪನಿಯಲ್ಲಿ ಜುಲೈ 2019ರಿಂದ ಫೆಬ್ರುವರಿ 2024ರವರೆಗೆ ಕೆಲಸ ಮಾಡಿದೆ. ಆಮೇಲೆ ರಾಜೀನಾಮೆ ಕೊಟ್ಟು ಮನೆಯಲ್ಲಿದ್ದೆ. ಅದೇ ಹೊತ್ತಿಗೆ ತಂಗಿಯ ಮದುವೆ ಬಂತು. ಮೇ 2024ರಲ್ಲಿ ಫಾರಂ 19 ಹಾಕಿ ಪಿಎಫ್ ಪೂರ್ತಿ ತೆಗೆದೆ. 2,40,000 ರೂಪಾಯಿ ಖಾತೆಗೆ ಬಿತ್ತು. ಒಂದು ಪೈಸೆ ಕಟ್ ಆಗಲಿಲ್ಲ. ಅರ್ಜಿ ತುಂಬಿಕೊಟ್ಟ ನೆಟ್ ಸೆಂಟರ್‌ನವರು 15ಜಿ ಅಂತ ಒಂದು ಫಾರಂ ಕೂಡ ಹಾಕಿದ್ದರು, ಅದಕ್ಕೇ ಕಟ್ ಆಗಲಿಲ್ಲವಂತೆ.

ಜೂನ್‌ನಿಂದ ಬೇರೆ ಕಡೆ ಕೆಲಸ ಸಿಕ್ಕಿತು, ಪಗಾರ ತಿಂಗಳಿಗೆ 58 ಸಾವಿರ. ಆ ವರ್ಷದ ಫಾರಂ 16ರಲ್ಲಿ (ಪಗಾರ, ತೆರಿಗೆ ವಿವರ ಬರೆದು ಕಂಪನಿ ಕೊಡುವ ಪತ್ರ) 5,80,000 ಇದೆ. ಈ ಸೆಪ್ಟೆಂಬರ್‌ನಲ್ಲಿ ಅದನ್ನೇ ಹಾಕಿ ರಿಟರ್ನ್ ಸಲ್ಲಿಸಿದ್ದಾಯಿತು. ತೆರಿಗೆ ಸೊನ್ನೆ.

ಈಗ ಮೇಲ್ ಬಂದಿದೆ. ಪಿಎಫ್ ಮೊತ್ತ ನಿಮ್ಮ ಹೆಸರಲ್ಲಿ ದಾಖಲಾಗಿದೆ, ರಿಟರ್ನ್‌ನಲ್ಲಿ ಇಲ್ಲ, ಸರಿಪಡಿಸಿ ಅಂತ. ನೆಟ್ ಸೆಂಟರ್‌ಗೆ ಹೋದರೆ 2,40,000 ಸೇರಿಸಿ ನೋಡಿದರು. ತೆರಿಗೆ 25,480, ಬಡ್ಡಿ ಬೇರೆ, ಒಟ್ಟು 28 ಸಾವಿರದ ಮೇಲೆ! ಮದುವೆ ಮುಗಿದು ರೊಕ್ಕ ಯಾವಾಗಲೋ ಖಾಲಿ. ಪಿಎಫ್‌ಗೂ ತೆರಿಗೆ ಇದೆಯಾ? ನನ್ನದೇ ಪಗಾರದಲ್ಲಿ ಹಿಡಿದ ದುಡ್ಡಲ್ವಾ ಅದು?

ಗಿಣಿಗೇರಾ_ಬಾಯ್ಲರ್, ಕೊಪ್ಪಳ

ತಮ್ಮಾ, ತಲೆ ಕೆಡಿಸಿಕೊಳ್ಳಬೇಡ. ಪಿಎಫ್‌ಗೆ ತೆರಿಗೆನೇ ಇಲ್ಲ. ನಾನು 2022ರಲ್ಲಿ ಆರು ಲಕ್ಷದ ಮೇಲೆ ತೆಗೆದೆ, ಯಾರೂ ಏನೂ ಕೇಳಲಿಲ್ಲ. ಅಂಥ ಮೇಲ್ ಎಲ್ಲರಿಗೂ ಬರುತ್ತವೆ. ಸುಮ್ನೆ ಡಿಲೀಟ್ ಮಾಡು.

ಸಿಂಧನೂರು_ಭತ್ತ, ರಾಯಚೂರು ಜಿಲ್ಲೆ

ಅಣ್ಣಾ, ನಿಮ್ಮದು ಎಷ್ಟು ವರ್ಷದ ಸರ್ವಿಸು?

ಗಿಣಿಗೇರಾ_ಬಾಯ್ಲರ್

ಹನ್ನೊಂದು ವರ್ಷ. ಯಾಕೆ?

ಸಿಂಧನೂರು_ಭತ್ತ

ಅದಕ್ಕೇ ಕೇಳಲಿಲ್ಲ. ಐದು ವರ್ಷ ದಾಟಿದ್ದರೆ ತೆರಿಗೆ ಇಲ್ಲ. ಈ ಹುಡುಗನದು ಜುಲೈ 2019ರಿಂದ ಫೆಬ್ರುವರಿ 2024, ಅಂದರೆ ನಾಲ್ಕು ವರ್ಷ ಎಂಟು ತಿಂಗಳು. ಇನ್ನು ನಾಲ್ಕು ತಿಂಗಳು ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಲೆಕ್ಕದಕ್ಕ, ರಾಯಚೂರು

ಸಿಂಧನೂರಿನವರು ಹೇಳಿದ್ದು ಸರಿ. ಬಾಯ್ಲರ್ ಅಣ್ಣ, ಬೇಜಾರಾಗಬೇಡಿ, ಆದರೆ ಮೇಲ್ ಡಿಲೀಟ್ ಮಾಡಿ ಅಂತ ಯಾರಿಗೂ ಹೇಳಬೇಡಿ. ನಾನು ತೆರಿಗೆ ರಿಟರ್ನ್ ತುಂಬುವ ಕೆಲಸವನ್ನೇ ಮಾಡುವುದು. ಡಿಲೀಟ್ ಮಾಡಿ ಕೂತವರು ಕೊನೆಗೆ ಬಡ್ಡಿ, ದಂಡ ಹೊತ್ತುಕೊಂಡು ಬರುವುದನ್ನು ನೋಡುತ್ತಲೇ ಇರುತ್ತೇನೆ.

ಹುಡುಗ, ನಿನಗೆ ಮೊದಲು ನಿಯಮ ಹೇಳುತ್ತೇನೆ. ಐದು ವರ್ಷ ಸತತ ಸೇವೆ ಆಗದೆ ಪಿಎಫ್ ಪೂರ್ತಿ ತೆಗೆದರೆ ಅದಕ್ಕೆ ತೆರಿಗೆ ಉಂಟು. ಮೊತ್ತ 50 ಸಾವಿರ ಅಥವಾ ಮೇಲಿದ್ದರೆ ಪಿಎಫ್ ಕಚೇರಿಯವರೇ 10 ಪರ್ಸೆಂಟ್ ಟಿಡಿಎಸ್, ಅಂದರೆ ಕೊಡುವಾಗಲೇ ಕತ್ತರಿಸುವ ತೆರಿಗೆ, ಹಿಡಿದು ಕೊಡುತ್ತಾರೆ. ಈ ಹಿಡಿಯುವ ನಿಯಮ ಶುರುವಾಗಿದ್ದು 2015ರ ಜೂನ್‌ನಲ್ಲಿ. ಆಗ ಮಿತಿ 30 ಸಾವಿರ ಇತ್ತು, ಮರುವರ್ಷ 50 ಸಾವಿರ ಮಾಡಿದರು.

ಇಲ್ಲಿ ಜನ ಎಡವುವುದು ಆ 10 ಪರ್ಸೆಂಟ್‌ನಲ್ಲೇ. ಕಟ್ ಆಯಿತು, ನಮ್ಮ ತೆರಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಮುಂಗಡ ಅಷ್ಟೇ. ನಿಜವಾದ ತೆರಿಗೆ ಆ ವರ್ಷದ ಒಟ್ಟು ಆದಾಯ ಯಾವ ಸ್ಲ್ಯಾಬ್‌ಗೆ (ತೆರಿಗೆ ದರದ ಹಂತಕ್ಕೆ) ಹೋಗುತ್ತದೆ ಅನ್ನುವುದರ ಮೇಲೆ. 20 ಅಥವಾ 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಇರುವವನಿಗೆ ಮಿಕ್ಕದ್ದು ಆಮೇಲೆ ಕಟ್ಟಬೇಕಾಗುತ್ತದೆ. ಆದಾಯವೇ ಇಲ್ಲದವನಿಗೆ ಹಿಡಿದದ್ದು ವಾಪಸ್ ಬರುತ್ತದೆ. ನಿನ್ನ ವಿಷಯದಲ್ಲಿ 15ಜಿ ಕೊಟ್ಟಿದ್ದರಿಂದ ಮುಂಗಡವೂ ಹೋಗಲಿಲ್ಲ, ಅದಕ್ಕೇ ಒಮ್ಮೆಲೇ ಇಷ್ಟು ದೊಡ್ಡದಾಗಿ ಕಾಣುತ್ತಿದೆ.

15ಜಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಫಾರಂ 26ಎಎಸ್, ಅಂದರೆ ನಿನ್ನ ಪ್ಯಾನ್ ಮೇಲೆ ದಾಖಲಾದ ತೆರಿಗೆ ವಿವರದ ಹಾಳೆ, ತೆಗೆದು ನೋಡು. 15ಜಿ, 15ಎಚ್ ಕೊಟ್ಟವರಿಗೇ ಅದರಲ್ಲಿ ಒಂದು ಭಾಗ ಇದೆ. ಟಿಡಿಎಸ್ ಸೊನ್ನೆ ಅಂತ ಇರುತ್ತದೆ, ಪಕ್ಕದಲ್ಲೇ 2,40,000 ಅಂತ ಮೊತ್ತ ಕೂತಿರುತ್ತದೆ.

ಆದರೆ ನೆಟ್ ಸೆಂಟರ್‌ನವರು ಹಾಕಿದ ಲೆಕ್ಕ ನನಗೆ ಸರಿ ಕಾಣುತ್ತಿಲ್ಲ. 2,40,000ಕ್ಕೆ ಪೂರ್ತಿ ತೆರಿಗೆ ಹಾಕಿದ್ದಾರೆ. ಹಾಗೆ ಹಾಕುವಂತಿಲ್ಲ. ಪಾಸ್‌ಬುಕ್ ತೆಗೆದು ನಿನ್ನ ಪಾಲು ಎಷ್ಟು, ಕಂಪನಿ ಪಾಲು ಎಷ್ಟು, ಎರಡಕ್ಕೂ ಬಡ್ಡಿ ಎಷ್ಟು ಅಂತ ಬೇರೆ ಬೇರೆ ಬರೆ. ಇನ್ನೊಂದು, ಈ ಕೆಲಸಕ್ಕೆ ಮುಂಚೆ ಎಲ್ಲಾದರೂ ಪಿಎಫ್ ಇತ್ತಾ?

ನಿರ್ವಾಹಕ

ಪಾಸ್‌ಬುಕ್‌ನ ಫೋಟೋ ಇಲ್ಲಿ ಹಾಕಬೇಡಿ. ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ), ಪ್ಯಾನ್, ಆಧಾರ್ ಸಂಖ್ಯೆ ಯಾವುದೂ ಬೇಡ. ಅಂಕಿಗಳನ್ನು ಮಾತ್ರ ಟೈಪ್ ಮಾಡಿ.

ಕೌಲ್‌ಬಜಾರ್_ಹುಡುಗ

ಅಕ್ಕಾ, ಮುಂಚೆ ಬೆಂಗಳೂರಲ್ಲಿ ಒಂದೂ ಮುಕ್ಕಾಲು ವರ್ಷ ಇದ್ದೆ, 2017ರಿಂದ. ಆ ಪಿಎಫ್ ಹಾಗೇ ಇದೆ, ಮುಟ್ಟಿಲ್ಲ. ಯುಎಎನ್ ಒಂದೇ. ಪಾಸ್‌ಬುಕ್‌ನಲ್ಲಿ ಎರಡು ಮೆಂಬರ್ ಐಡಿ (ಒಂದೊಂದು ಕಂಪನಿಯ ಪಿಎಫ್ ಖಾತೆ ಸಂಖ್ಯೆ) ಕಾಣುತ್ತವೆ. ಪಾಲಿನ ಲೆಕ್ಕ ನಾಳೆ ಹಾಕುತ್ತೇನೆ.

ಲೆಕ್ಕದಕ್ಕ

ಅಯ್ಯೋ ಮಾರಾಯ. ಅದನ್ನು ಎರಡನೇ ಕಂಪನಿಯ ಖಾತೆಗೆ ವರ್ಗ ಮಾಡಿಸಿ ಆಮೇಲೆ ತೆಗೆದಿದ್ದರೆ ಆರು ವರ್ಷದ ಮೇಲಾಗುತ್ತಿತ್ತು. ತೆರಿಗೆಯ ಮಾತೇ ಇಲ್ಲ. ಹಳೆಯ ಕೆಲಸದ ಸೇವೆಯನ್ನು ಐದು ವರ್ಷಕ್ಕೆ ಸೇರಿಸಿಕೊಳ್ಳಬಹುದು ಅಂತ ಕಾನೂನೇ ಹೇಳುತ್ತದೆ, ಹಳೆಯ ಬಾಕಿ ಹೊಸ ಖಾತೆಗೆ ವರ್ಗವಾಗಿರಬೇಕು ಅಷ್ಟೇ. ಯುಎಎನ್ ಒಂದೇ ಇದೆಯಲ್ಲ, ತಾನಾಗಿಯೇ ಸೇರಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೆಂಬರ್ ಐಡಿ ಎರಡು ಕಾಣುತ್ತಿದ್ದರೆ, ಎರಡರಲ್ಲೂ ರೊಕ್ಕ ಇದ್ದರೆ, ಸೇರಿಲ್ಲ ಅಂತಲೇ ಅರ್ಥ.

ಓದುತ್ತಿರುವ ಉಳಿದವರೂ ಕೇಳಿ. ಕೆಲಸ ಬಿಟ್ಟು ಪಿಎಫ್ ತೆಗೆಯಬೇಕು ಅಂತಿದ್ದರೆ ಮೊದಲು ಹಳೆಯ ಐಡಿಗಳನ್ನೆಲ್ಲ ಆನ್‌ಲೈನ್‌ನಲ್ಲಿ ಫಾರಂ 13 ಹಾಕಿ ಒಂದಕ್ಕೆ ತನ್ನಿ. ಅದು ಮುಗಿದ ಮೇಲೆ ಫಾರಂ 19. ಈ ಕ್ರಮ ತಪ್ಪಿದರೆ ಆಮೇಲೆ ನಾನಲ್ಲ, ಯಾವ ಆಡಿಟರ್ ಬಂದರೂ ಐದು ವರ್ಷ ಮಾಡಿಕೊಡಲು ಆಗುವುದಿಲ್ಲ.

ಸಂಡೂರು_ಕೆಮ್ಮಣ್ಣು, ಬಳ್ಳಾರಿ ಜಿಲ್ಲೆ

ನಮ್ಮ ಕಾಲದ ಕಥೆ ಹೇಳುತ್ತೇನೆ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ, ಗಣಿ, ಸ್ಟಾಕ್‌ಯಾರ್ಡ್, ಹೋಟೆಲ್ ಎಲ್ಲ ಬಂದ್. ನಮ್ಮಲ್ಲಿ ಮೂರು, ನಾಲ್ಕು ವರ್ಷ ಸರ್ವಿಸ್ ಆದ ಹುಡುಗರು ಎಲ್ಲರೂ ಪಿಎಫ್ ತೆಗೆದು ತಿಂದರು. ಟಿಡಿಎಸ್ ಅನ್ನುವ ಹೆಸರೇ ಕೇಳಿರಲಿಲ್ಲ. ಹಾಗಾದರೆ ನಾವೆಲ್ಲ ತೆರಿಗೆ ಕಳ್ಳರಾ?

ಲೆಕ್ಕದಕ್ಕ

ಅಲ್ಲ ಅಣ್ಣಾ. ಐದು ವರ್ಷದ ನಿಯಮಕ್ಕೆ ವಿನಾಯಿತಿ ಇದೆ. ನೌಕರನ ಆರೋಗ್ಯ ಕೆಟ್ಟು ಕೆಲಸ ಹೋದರೆ, ಮಾಲೀಕನ ವ್ಯವಹಾರ ಕುಗ್ಗಿದರೆ ಅಥವಾ ನಿಂತೇ ಹೋದರೆ, ಇಲ್ಲ ನೌಕರನ ಕೈಯಲ್ಲಿ ಇಲ್ಲದ ಬೇರೆ ಕಾರಣದಿಂದ ಕೆಲಸ ಹೋದರೆ ಐದು ವರ್ಷ ಆಗಿರದಿದ್ದರೂ ತೆರಿಗೆ ಇಲ್ಲ. ಕೋರ್ಟ್ ಆದೇಶದಿಂದ ಗಣಿ ನಿಂತದ್ದು ಅದಕ್ಕೆ ಒಳ್ಳೆಯ ಉದಾಹರಣೆ.

ಸಂಡೂರು_ಕೆಮ್ಮಣ್ಣು

ಹಂಗಾದರೆ ಈ ಹುಡುಗನೂ ಗುತ್ತಿಗೆ ಕಂಪನಿಯವನು. ಗುತ್ತಿಗೆ ಮುಗಿದ ಮೇಲೆ ಎಲ್ಲರ ಹತ್ತಿರ ರಾಜೀನಾಮೆ ಬರೆಸಿಕೊಳ್ಳುವುದು ಇಲ್ಲಿ ಮಾಮೂಲು. ಕೆಲಸದಿಂದ ತೆಗೆದೆವು ಅಂತ ಬರೆದರೆ ಅವರು ಪರಿಹಾರ ಕೊಡಬೇಕಾಗುತ್ತದಲ್ಲ. ಯಾಕೆ ಬಿಟ್ಟೆ ತಮ್ಮಾ, ನಿಜ ಹೇಳು.

ಕೌಲ್‌ಬಜಾರ್_ಹುಡುಗ

ಇಲ್ಲ ಅಣ್ಣಾ, ನಾನಾಗಿಯೇ ಬಿಟ್ಟೆ. ರಾತ್ರಿ ಪಾಳಿ ಆಗುತ್ತಿರಲಿಲ್ಲ. ನನ್ನ ಜೊತೆ ಇದ್ದ ಇಬ್ಬರಿಗೆ ಮಾತ್ರ ನೀವು ಹೇಳಿದ ಹಾಗೇ ಆಗಿದೆ, ಗುತ್ತಿಗೆ ಮುಗಿದ ಮೇಲೆ ರಾಜೀನಾಮೆ ಬರೆಸಿಕೊಂಡರು.

ಲೆಕ್ಕದಕ್ಕ

ಆ ಇಬ್ಬರಿಗೂ ಹೇಳು, ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ಕಾರಣ ಏನಂತ ನಮೂದಾಗಿದೆ ನೋಡಿಕೊಳ್ಳಲಿ. ಕಂಪನಿಯವರು ಅಲ್ಲಿ ತುಂಬಿದ್ದನ್ನೇ ಪಿಎಫ್ ಕಚೇರಿ ನಂಬುತ್ತದೆ. ಗುತ್ತಿಗೆ ಮುಗಿದ ಪತ್ರ, ಗೇಟ್ ಪಾಸ್ ರದ್ದಾದ ಕಾಗದ, ಏನಿದ್ದರೂ ಎತ್ತಿಟ್ಟುಕೊಳ್ಳಲಿ. ರೊಕ್ಕ ತೆಗೆಯುವ ಮುಂಚೆ ಸರಿ ಮಾಡಿಸಿದರೆ ಸುಲಭ. ಆಮೇಲೆ ಅದು ವಾದದ ವಿಷಯ ಆಗುತ್ತದೆ.

ಮಿಲ್_ಮಗಳು, ರಾಯಚೂರು

ನನ್ನದೂ ಒಂದು ಪ್ರಶ್ನೆ ಇದೆ ಅಕ್ಕಾ. ಅಮ್ಮ ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ಕು ವರ್ಷಕ್ಕೇ ಬಿಟ್ಟರು, ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳಬೇಕಿತ್ತು. ಕಳೆದ ವರ್ಷ ಡಿಸೆಂಬರ್‌ನಲ್ಲಿ 62 ಸಾವಿರ ಪಿಎಫ್ ತೆಗೆದರು. ಕೈಗೆ ಬಂದದ್ದು 49,600. ಅಮ್ಮನಿಗೆ ಬೇರೆ ಆದಾಯವೇ ಇಲ್ಲ. ಯಾರ ಹತ್ತಿರ ಕೇಳಬೇಕು?

ಲೆಕ್ಕದಕ್ಕ

62 ಸಾವಿರಕ್ಕೆ 12,400 ಹಿಡಿದಿದ್ದಾರೆ, ಅಂದರೆ 20 ಪರ್ಸೆಂಟ್. ಅಮ್ಮನ ಪ್ಯಾನ್ ಯುಎಎನ್‌ಗೆ ಜೋಡಣೆ ಆಗಿಲ್ಲ, ಇಲ್ಲವೇ ಪ್ಯಾನ್–ಆಧಾರ್ ಜೋಡಣೆ ಆಗದೆ ಪ್ಯಾನ್ ನಿಷ್ಕ್ರಿಯ ಆಗಿದೆ. ಪ್ಯಾನ್ ಇಲ್ಲದಿದ್ದರೆ 20 ಪರ್ಸೆಂಟ್. 2023ರ ಏಪ್ರಿಲ್‌ಗೆ ಮುಂಚೆ ಇನ್ನೂ ಜಾಸ್ತಿ ಇತ್ತು, 34 ಪರ್ಸೆಂಟ್ ದಾಟುತ್ತಿತ್ತು. ಪಾಪ, ಕೂಲಿಯವರದ್ದೇ ಹೀಗೆ ಹೋಗುತ್ತಿತ್ತು.

ಆ 12,400 ಅಮ್ಮನಿಗೆ ವಾಪಸ್ ಬರಬೇಕಾದ ದುಡ್ಡೇ. ತೊಡಕು ಏನಂದರೆ ಪ್ಯಾನ್ ಇಲ್ಲದೆ ಹಿಡಿದ ಟಿಡಿಎಸ್ ಅಮ್ಮನ 26ಎಎಸ್‌ನಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣದೆ ರಿಫಂಡ್ ಸಿಗುವುದು ಕಷ್ಟ. ಮೊದಲು ಪ್ಯಾನ್ ಕಾರ್ಡ್, ಆಧಾರ್, ಕ್ಲೇಮ್ ಕಾಗದ ಹಿಡಿದುಕೊಂಡು ಪಿಎಫ್ ಕಚೇರಿಗೆ ಹೋಗಿ. ರಾಯಚೂರಿನಲ್ಲೇ ಇದೆಯಲ್ಲ. ಟಿಡಿಎಸ್ ವಿವರದಲ್ಲಿ ಪ್ಯಾನ್ ಸೇರಿಸಿ ತಿದ್ದುಪಡಿ ಸಲ್ಲಿಸಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 26ಎಎಸ್‌ನಲ್ಲಿ ಬಂದ ಮೇಲೆ ರಿಟರ್ನ್ ಹಾಕಿ.

ಆದರೆ ತಡ ಮಾಡಬೇಡಿ. 2024–25ರ ಆದಾಯಕ್ಕೆ ತಡವಾದ ರಿಟರ್ನ್ ಹಾಕಲು ಕೊನೆಯ ದಿನ ಡಿಸೆಂಬರ್ 31. ಅದಾದ ಮೇಲೆ ಅಪ್‌ಡೇಟೆಡ್ ರಿಟರ್ನ್ ಅಂತ ಒಂದು ಇದೆ, ಅದರಲ್ಲಿ ತೆರಿಗೆ ಕಟ್ಟಬಹುದೇ ಹೊರತು ರಿಫಂಡ್ ಕೇಳುವಂತಿಲ್ಲ.

ಮಿಲ್_ಮಗಳು

ನೀವು ಹೇಳಿದ್ದು ಸರಿ ಅಕ್ಕಾ. ಈಗಷ್ಟೇ ನೋಡಿದೆ, ಪ್ಯಾನ್ ಜೋಡಣೆ ಆಗಿಲ್ಲ. ಸೋಮವಾರ ಹೋಗುತ್ತೇವೆ.

ನಿವೃತ್ತ_ಮೇಷ್ಟ್ರು, ಕೊಪ್ಪಳ

ಇಲ್ಲಿ ಎಲ್ಲರೂ ಪಿಎಫ್ ಮಾತಾಡುತ್ತಿದ್ದೀರಿ. ಸರ್ಕಾರಿ ಪೆನ್ಷನ್‌ನವರೂ ಸಿಕ್ಕಿಬೀಳುತ್ತೇವೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೆ. ನಿವೃತ್ತಿಯಾದಾಗ ಗ್ರಾಚ್ಯುಟಿ, ಕಮ್ಯುಟೇಷನ್ (ಪೆನ್ಷನ್‌ನ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು), ರಜೆ ನಗದು ಎಲ್ಲ ಸೇರಿ ಒಳ್ಳೆಯ ಮೊತ್ತ ಬಂತು. ಸರ್ಕಾರಿ ನೌಕರರಿಗೆ ಈ ಮೂರಕ್ಕೂ ತೆರಿಗೆ ಪೂರ್ತಿ ಮಾಫಿ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ.

ಅದರಲ್ಲಿ 30 ಲಕ್ಷ ಎಫ್‌ಡಿ ಇಟ್ಟೆ. ಬಡ್ಡಿ ವರ್ಷಕ್ಕೆ 2,32,500. ಪೆನ್ಷನ್ ತಿಂಗಳಿಗೆ 50 ಸಾವಿರ, ಅಂದರೆ ವರ್ಷಕ್ಕೆ ಆರು ಲಕ್ಷ. ಪೆನ್ಷನ್ ಮಾತ್ರ ಇದ್ದಿದ್ದರೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ (ಪಗಾರ, ಪೆನ್ಷನ್‌ನವರಿಗೆ ಸಿಗುವ ನಿಗದಿತ ಕಡಿತ) ಕಳೆದು ಹೊಸ ತೆರಿಗೆ ಪದ್ಧತಿಯಲ್ಲಿ 2024–25ಕ್ಕೆ ತೆರಿಗೆ ಸೊನ್ನೆ. ಬಡ್ಡಿ ಸೇರಿದ ಮೇಲೆ 7,57,500 ಆಯಿತು, ಏಳು ಲಕ್ಷದ ಗೆರೆ ದಾಟಿತು, ಗೆರೆಯ ಒಳಗಿದ್ದವರಿಗೆ ಸಿಗುವ ತೆರಿಗೆ ಮಾಫಿ, ಅಂದರೆ ರಿಬೇಟ್, ಹೋಯಿತು. ತೆರಿಗೆ 26,780. ಬ್ಯಾಂಕಿನವರು ಎಫ್‌ಡಿ ಬಡ್ಡಿಗೆ 23,250 ಹಿಡಿದಿದ್ದರು. ಮಿಕ್ಕ 3,530 ಕಟ್ಟಿದೆ. ಮೊತ್ತ ದೊಡ್ಡದಲ್ಲ, ಆದರೆ ಪೆನ್ಷನ್ ಬ್ಯಾಂಕ್ ಒಂದು, ಎಫ್‌ಡಿ ಬ್ಯಾಂಕ್ ಇನ್ನೊಂದು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕೂಡಿಸುವುದು ನಮ್ಮ ಕೆಲಸವೇ.

ಒಂದು ಸಮಾಧಾನ ಅಂದರೆ 60 ದಾಟಿದ, ವ್ಯಾಪಾರ ಇಲ್ಲದ ನಮ್ಮಂಥವರು ಮುಂಗಡ ತೆರಿಗೆ ಕಟ್ಟಬೇಕಿಲ್ಲ. ಹಾಗಾಗಿ ಮುಂಗಡ ಕಟ್ಟದ್ದಕ್ಕೆ ಬೀಳುವ ಬಡ್ಡಿ ನನಗೆ ಬೀಳಲಿಲ್ಲ.

ಸಿಂಧನೂರು_ಭತ್ತ

ಮೇಷ್ಟ್ರೇ, ಖಾಸಗಿಯವರಿಗೆ ಕಮ್ಯುಟೇಷನ್ ಪೂರ್ತಿ ಮಾಫಿ ಇಲ್ಲ ಅಲ್ವಾ?

ನಿವೃತ್ತ_ಮೇಷ್ಟ್ರು

ಇಲ್ಲ. ಗ್ರಾಚ್ಯುಟಿ ಪಡೆದವರಿಗೆ ಒಟ್ಟು ಪೆನ್ಷನ್ ಮೌಲ್ಯದ ಮೂರನೇ ಒಂದು ಭಾಗ, ಗ್ರಾಚ್ಯುಟಿ ಸಿಗದವರಿಗೆ ಅರ್ಧ. ಮಿಕ್ಕದ್ದಕ್ಕೆ ತೆರಿಗೆ. ಗ್ರಾಚ್ಯುಟಿಗೆ ಅವರಿಗೆ 20 ಲಕ್ಷದ ಮಿತಿ, ರಜೆ ನಗದಿಗೆ 25 ಲಕ್ಷ. ರಜೆಯದ್ದು 2023ಕ್ಕೆ ಮುಂಚೆ ಬರೀ ಮೂರು ಲಕ್ಷ ಇತ್ತು.

ಶಕ್ತಿನಗರ_ಬೂದಿ, ರಾಯಚೂರು

ನಮ್ಮ ತಮ್ಮ ಹೈದರಾಬಾದ್‌ನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ 2016ರಲ್ಲಿ ಬಿಟ್ಟು ಊರಿಗೆ ಬಂದು ಹೊಲ ನೋಡಿಕೊಂಡ. ಬ್ಯಾಂಕ್‌ಗಿಂತ ಪಿಎಫ್ ಬಡ್ಡಿ ಜಾಸ್ತಿ ಅಂತ ರೊಕ್ಕ ಅಲ್ಲೇ ಬಿಟ್ಟ. ಹೋದ ವರ್ಷ ತೆಗೆದ. ಐದು ವರ್ಷ ದಾಟಿದೆ, ತೆರಿಗೆ ಇಲ್ಲ ಅಂತ ನಿಶ್ಚಿಂತೆ. ಆಡಿಟರ್ ಮಾತ್ರ ಇಲ್ಲ, ಬಡ್ಡಿಗೆ ತೆರಿಗೆ ಇದೆ ಅಂದರಂತೆ. ಯಾರ ಮಾತು ಸರಿ?

ಲೆಕ್ಕದಕ್ಕ

ಆಡಿಟರ್ ಮಾತೇ ಸರಿ. ಕೆಲಸದಲ್ಲಿ ಇರುವವರೆಗಿನ ಬಡ್ಡಿಗೆ ಮಾಫಿ. ಕೆಲಸ ಬಿಟ್ಟ ದಿನದಿಂದ ಮುಂದೆ ಬಂದ ಬಡ್ಡಿಗೆ ತೆರಿಗೆ ಇದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೀಗೇ ತೀರ್ಪು ಕೊಟ್ಟಿದೆ. ಅಲ್ಲಿಯೂ ಇದೇ ಕಥೆ, ನಿವೃತ್ತರಾದವರು ಒಂಬತ್ತು ವರ್ಷ ರೊಕ್ಕ ಬಿಟ್ಟು ಆಮೇಲೆ ತೆಗೆದಿದ್ದರು. ಅಸಲಿಗೂ ಕೆಲಸದ ಕಾಲದ ಬಡ್ಡಿಗೂ ಏನೂ ಇಲ್ಲ. ತಮ್ಮನಿಗೆ ಹೇಳಿ, ಪಾಸ್‌ಬುಕ್‌ನಲ್ಲಿ ವರ್ಷವಾರು ಬಡ್ಡಿ ಇರುತ್ತದೆ, 2016ರ ನಂತರದ್ದನ್ನು ಬೇರೆ ಮಾಡಲಿ.

ಕೌಲ್‌ಬಜಾರ್_ಹುಡುಗ
ನವೆಂಬರ್ 11

ಅಕ್ಕಾ, ಪಾಸ್‌ಬುಕ್ ಲೆಕ್ಕ ತಂದೆ. ನನ್ನ ಪಾಲು 1,35,000. ಕಂಪನಿ ಪಾಲು 65,000. ನನ್ನ ಪಾಲಿಗೆ ಬಡ್ಡಿ 27,000, ಕಂಪನಿ ಪಾಲಿಗೆ 13,000. ಒಟ್ಟು 2,40,000. ಪೆನ್ಷನ್ ಪಾಲು ಅಂತ ಮೂರನೆಯದೊಂದು ಕಾಲಂ ಇದೆ, ಅದು ನನಗೆ ಬಂದಿಲ್ಲ.

ಲೆಕ್ಕದಕ್ಕ

ಪೆನ್ಷನ್ ಕಾಲಂ ಈಗ ಬಿಡು. ಅದನ್ನು ತೆಗೆಯಲು 10ಸಿ ಬೇರೆ ಹಾಕಬೇಕು. ತೆಗೆಯಬೇಡ. ಹೊಸ ಕೆಲಸದ ಜೊತೆ ಆ ಸೇವೆಯೂ ಸೇರಿ ಹತ್ತು ವರ್ಷ ಆದರೆ 58ಕ್ಕೆ ಪೆನ್ಷನ್ ಸಿಗುತ್ತದೆ.

ಈಗ ತೆರಿಗೆ. ಆ ಐದು ವರ್ಷಗಳಲ್ಲಿ ನಿನ್ನ ಪಗಾರ ವರ್ಷಕ್ಕೆ ಎಷ್ಟಿತ್ತು? ರಿಟರ್ನ್‌ನಲ್ಲಿ 80ಸಿ, ಅಂದರೆ ಪಿಎಫ್, ಎಲ್‌ಐಸಿಯಂಥ ಉಳಿತಾಯ ತೋರಿಸಿ ಪಡೆಯುವ ರಿಯಾಯಿತಿ, ಅಂತ ಕಳೆದಿದ್ದರಾ?

ಕೌಲ್‌ಬಜಾರ್_ಹುಡುಗ

ಕೊನೆಯ ವರ್ಷ ತಿಂಗಳಿಗೆ 40 ಸಾವಿರ, ಅದೇ ಹೆಚ್ಚು. ಮೊದಲೆಲ್ಲ ಇನ್ನೂ ಕಡಿಮೆ. ರಿಟರ್ನ್ ಎರಡು ವರ್ಷ ಹಾಕಿದ್ದಾರೆ. 80ಸಿ ಬರೆದಿದ್ದಾರೋ ಇಲ್ಲವೋ ನೋಡಬೇಕು.

ಲೆಕ್ಕದಕ್ಕ

ಬರೆದಿದ್ದರೂ ನಿನಗೆ ತೊಂದರೆ ಇಲ್ಲ. ಹೇಗೆ ಅಂತ ಹೇಳುತ್ತೇನೆ, ನಿಧಾನಕ್ಕೆ ಓದು.

ಐದು ವರ್ಷಕ್ಕೆ ಮುಂಚೆ ಪಿಎಫ್ ತೆಗೆದರೆ, ಆ ಪಿಎಫ್‌ಗೆ ಮಾನ್ಯತೆಯೇ ಇರಲಿಲ್ಲ ಅಂತ ಇಟ್ಟುಕೊಂಡು ಹಿಂದಿನ ಪ್ರತಿ ವರ್ಷದ ಲೆಕ್ಕ ಮತ್ತೆ ಹಾಕಬೇಕು ಅನ್ನುವುದು ನಿಯಮ. ನಿನ್ನ ಪಾಲು ನಿನ್ನ ಪಗಾರದಿಂದ ಹೋದದ್ದು. ಆ ಪಗಾರ ಆಗಲೇ ನಿನ್ನ ಆದಾಯದಲ್ಲಿ ಸೇರಿತ್ತು. ಅದರ ಮೇಲೆ 80ಸಿ ರಿಯಾಯಿತಿ ಪಡೆದು ತೆರಿಗೆ ಉಳಿಸಿದ್ದರೆ, ಉಳಿಸಿದ್ದನ್ನು ವಾಪಸ್ ಕೊಡಬೇಕು. ಉಳಿಸದೇ ಇದ್ದರೆ ವಾಪಸ್ ಕೊಡಲು ಏನಿದೆ?

ನಿನ್ನ ಅತಿ ಹೆಚ್ಚಿನ ವರ್ಷವೂ 4,80,000. ಅದರಲ್ಲಿ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 4,30,000. 2019–20ರಿಂದ ಐದು ಲಕ್ಷದವರೆಗೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. 2023–24ರಲ್ಲಿ ಹೊಸ ಪದ್ಧತಿಯಲ್ಲಿ ಏಳು ಲಕ್ಷದವರೆಗೆ ಸೊನ್ನೆ. ಅಂದರೆ 80ಸಿ ತೆಗೆದುಹಾಕಿದರೂ ಯಾವ ವರ್ಷವೂ ಒಂದು ರೂಪಾಯಿ ತೆರಿಗೆ ಬರುವುದಿಲ್ಲ. ಹಾಗಾಗಿ 1,35,000ಕ್ಕೆ ಈಗ ತೆರಿಗೆ ಇಲ್ಲ. ನೀನು ಮೊದಲು ಕೇಳಿದ್ದೆಯಲ್ಲ, ನನ್ನದೇ ಪಗಾರದ ದುಡ್ಡಲ್ವಾ ಅಂತ. ಆ ಪಾಲಿನ ಮಟ್ಟಿಗೆ ನಿನ್ನ ಮಾತು ಸರಿ.

ಉಳಿದದ್ದು ಕಂಪನಿ ಪಾಲು ಮತ್ತು ಅದರ ಬಡ್ಡಿ, ಸೇರಿ 78,000. ಇದು ಸಂಬಳದ ತಲೆಬರಹದ ಕೆಳಗೆ, ಸಂಬಳಕ್ಕೆ ಬದಲಾಗಿ ಬಂದ ಲಾಭ ಅನ್ನುವ ಕಡೆ ಬರುತ್ತದೆ. ನಿನ್ನ ಪಾಲಿನ ಬಡ್ಡಿ 27,000 ಇತರ ಮೂಲದ ಆದಾಯಕ್ಕೆ ಹೋಗುತ್ತದೆ.

5,80,000 ಪಗಾರ, 78,000 ಸೇರಿ 6,58,000. ಅದರಲ್ಲಿ 75,000 ಕಳೆದರೆ 5,83,000. 27,000 ಕೂಡಿಸಿದರೆ 6,10,000. ಏಳು ಲಕ್ಷದ ಒಳಗೆ. ತೆರಿಗೆ ಸೊನ್ನೆ.

ಕೌಲ್‌ಬಜಾರ್_ಹುಡುಗ

ಅಕ್ಕಾ ನಿಜಾನಾ??? 28 ಸಾವಿರ ಕಟ್ಟಲು ಮಾವನ ಹತ್ತಿರ ಸಾಲ ಕೇಳಿಯೂ ಆಗಿತ್ತು.

ಗಿಣಿಗೇರಾ_ಬಾಯ್ಲರ್

ನಾನು ಮೊದಲೇ ಹೇಳಲಿಲ್ವಾ, ತೆರಿಗೆ ಇಲ್ಲ ಅಂತ!

ಸಿಂಧನೂರು_ಭತ್ತ

ಅಣ್ಣಾ, ನೀವು ಹೇಳಿದ್ದು ಮೇಲ್ ಡಿಲೀಟ್ ಮಾಡು ಅಂತ.

ಶಕ್ತಿನಗರ_ಬೂದಿ

ಲೆಕ್ಕದಕ್ಕ, ಒಂದು ಅನುಮಾನ. ಹಾಗಾದರೆ ಯಾರೂ ತಮ್ಮ ಪಾಲಿಗೆ ತೆರಿಗೆ ಕಟ್ಟಬೇಕಿಲ್ಲವಾ? ನನ್ನ ಸ್ನೇಹಿತನಿಗೆ ಪೂರ್ತಿ ಮೊತ್ತಕ್ಕೆ ಹಾಕಿದ್ದಾರೆ.

ಲೆಕ್ಕದಕ್ಕ

ಹಾಗಲ್ಲ. ಹತ್ತು, ಹನ್ನೆರಡು ಲಕ್ಷ ಪಗಾರ ಇದ್ದು, ಹಳೇ ಪದ್ಧತಿಯಲ್ಲಿ 80ಸಿಗೆ ಪಿಎಫ್ ತೋರಿಸಿ ಪ್ರತಿ ವರ್ಷ ತೆರಿಗೆ ಉಳಿಸಿದವರು ಅವರ ಪಾಲಿಗೂ ಕಟ್ಟಬೇಕು. 80ಸಿಯ ಒಂದೂವರೆ ಲಕ್ಷವನ್ನು ಎಲ್‌ಐಸಿ, ಮಕ್ಕಳ ಫೀಸು, ಗೃಹ ಸಾಲದ ಅಸಲಿನಿಂದಲೇ ತುಂಬಿಸಿದ್ದವರು ಪಿಎಫ್‌ನಿಂದ ಲಾಭ ಪಡೆದಿಲ್ಲ ಅಂತ ತೋರಿಸಬಹುದು. ಸ್ನೇಹಿತರ ಹಳೆಯ ರಿಟರ್ನ್‌ಗಳನ್ನು ನೋಡದೆ ನಾನು ಹೇಳಲಾರೆ. ಪೂರ್ತಿ ಮೊತ್ತ ಎತ್ತಿ ಒಂದೇ ಕಡೆ ಹಾಕುವುದು ಸುಲಭ, ಅದಕ್ಕೇ ಬಹಳ ಕಡೆ ಹಾಗೆ ಮಾಡುತ್ತಾರೆ. ನೂರಿನ್ನೂರು ರೂಪಾಯಿಗೆ ರಿಟರ್ನ್ ತುಂಬುವವರಿಗೆ ಪಾಸ್‌ಬುಕ್ ಬಿಡಿಸಿ ನೋಡುವಷ್ಟು ಪುರುಸೊತ್ತು ಇರುವುದಿಲ್ಲ, ಅವರನ್ನೂ ಪೂರ್ತಿ ಬೈಯುವಂತಿಲ್ಲ.

ಇನ್ನೊಂದು. ಈ ಹುಡುಗನಿಗೆ ಸೊನ್ನೆ ಬಂದದ್ದು ಏಳು ಲಕ್ಷದ ಗೆರೆಯಿಂದ. ಪಗಾರ ಒಂದು ಲಕ್ಷ ಜಾಸ್ತಿ ಇದ್ದಿದ್ದರೆ 7,10,000 ಆಗಿ ತೆರಿಗೆ ಬರುತ್ತಿತ್ತು. ಆಗಲೂ ಗೆರೆ ದಾಟಿದ 10 ಸಾವಿರಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ, ಮೇಲೆ ಸೆಸ್ ಅಷ್ಟೇ. ಈ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ಗೆರೆಯೇ 12 ಲಕ್ಷಕ್ಕೆ ಹೋಗಿದೆ. ಈ ವರ್ಷ ಪಿಎಫ್ ತೆಗೆದ ನಮ್ಮ ಕಡೆಯ ಹೆಚ್ಚಿನವರಿಗೆ ತೆರಿಗೆ ಬರಲಿಕ್ಕಿಲ್ಲ. ಟಿಡಿಎಸ್ ಮಾತ್ರ ಹಿಡಿಯುತ್ತಾರೆ, ರಿಟರ್ನ್ ಹಾಕಿ ವಾಪಸ್ ತೆಗೆದುಕೊಳ್ಳಬೇಕು.

ಸಂಡೂರು_ಕೆಮ್ಮಣ್ಣು

15ಜಿ ಕೊಟ್ಟದ್ದಕ್ಕೆ ಹುಡುಗನಿಗೆ ಏನಾದರೂ ಕೇಸು ಗೀಸು ಆಗುತ್ತದಾ? ಸುಳ್ಳು ಘೋಷಣೆ ಕೊಟ್ಟರೆ ಜೈಲು ಅಂತ ಎಲ್ಲೋ ಓದಿದೆ.

ಲೆಕ್ಕದಕ್ಕ

ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಶಿಕ್ಷೆಗೆ ಅವಕಾಶ ಇದೆ, ಅದು ನಿಜ. ಆದರೆ ಮೇ ತಿಂಗಳಲ್ಲಿ ಇವನಿಗೆ ಕೆಲಸವೇ ಇರಲಿಲ್ಲ. ಈಗ ಲೆಕ್ಕ ಹಾಕಿದರೂ ತೆರಿಗೆ ಸೊನ್ನೆಯೇ ಬಂದಿದೆ. ಹೆದರುವಂಥದ್ದು ಇಲ್ಲ. ಆದರೆ 15ಜಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಕಣ್ಣುಮುಚ್ಚಿ ಸಹಿ ಹಾಕಿ ಕೊಡಬೇಡಿ. ವರ್ಷದ ಅಂದಾಜು ಆದಾಯಕ್ಕೆ ತೆರಿಗೆ ಬರುವುದಿಲ್ಲ ಅಂತ ನೀವೇ ಹೇಳಿ ಸಹಿ ಹಾಕುವ ಕಾಗದ ಅದು. 60 ದಾಟಿದವರಿಗೆ 15ಎಚ್.

ಕೌಲ್‌ಬಜಾರ್_ಹುಡುಗ

ಅಕ್ಕಾ, ಈಗ ನಾನು ಏನು ಮಾಡಬೇಕು? ಆ ಮೇಲ್‌ಗೆ ಉತ್ತರ ಕೊಡಬೇಕಾ?

ಲೆಕ್ಕದಕ್ಕ

ಮೊದಲು ಮೇಲ್ ಅಸಲಿಯಾ ನೋಡು. ಅದರಲ್ಲಿರುವ ಲಿಂಕ್ ಒತ್ತಬೇಡ. ನೀನೇ ಆದಾಯ ತೆರಿಗೆ ಪೋರ್ಟಲ್ ತೆಗೆದು ಲಾಗಿನ್ ಆಗಿ ಅಲ್ಲಿ ಅದೇ ಸೂಚನೆ ಇದೆಯಾ ನೋಡು. ನೋಟಿಸ್ ಆಗಿದ್ದರೆ ಅದರ ಮೇಲೆ ಡಿಐಎನ್ ಅಂತ ಒಂದು ಸಂಖ್ಯೆ ಇರುತ್ತದೆ. ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ ಅದನ್ನು ಪರೀಕ್ಷಿಸಬಹುದು. ರಿಫಂಡ್ ಬಂದಿದೆ, ಒಟಿಪಿ ಹೇಳಿ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡು.

ಆಮೇಲೆ ಪರಿಷ್ಕೃತ ರಿಟರ್ನ್ ಹಾಕು. ಅದಕ್ಕೂ ಡಿಸೆಂಬರ್ 31ರವರೆಗೆ ಸಮಯ ಇದೆ, ಶುಲ್ಕ ಇಲ್ಲ. ಐಟಿಆರ್–1 ಸಾಕು. 78,000 ಮತ್ತು 27,000 ನಾನು ಹೇಳಿದ ಜಾಗಗಳಲ್ಲಿ ಹೋಗಲಿ. ಪಾಸ್‌ಬುಕ್ ಪಿಡಿಎಫ್, ಹಳೆಯ ಫಾರಂ 16ಗಳು, ಈ ಲೆಕ್ಕದ ಹಾಳೆ ಮೂರನ್ನೂ ಒಂದು ಫೈಲ್‌ನಲ್ಲಿ ಇಡು. 26ಎಎಸ್‌ನಲ್ಲಿ 2,40,000, ರಿಟರ್ನ್‌ನಲ್ಲಿ 1,05,000 ಇರುತ್ತದೆ. ವ್ಯತ್ಯಾಸ ಯಾಕೆ ಅಂತ ನಾಳೆ ಕೇಳಿದರೆ ತೋರಿಸಲು ಬೇಕು. ಸಲ್ಲಿಸಿದ ಮೇಲೆ ಇ–ವೆರಿಫೈ ಮಾಡುವುದು ಮರೆಯಬೇಡ, ಅದಿಲ್ಲದೆ ಸಲ್ಲಿಸಿದ ಲೆಕ್ಕವೇ ಅಲ್ಲ. ಸಲ್ಲಿಸುವ ಮುಂಚೆ ಬಳ್ಳಾರಿಯಲ್ಲೇ ಒಬ್ಬ ಆಡಿಟರ್‌ಗೆ ಈ ಕಾಗದಗಳನ್ನು ಒಮ್ಮೆ ತೋರಿಸು. ನಾನು ನೋಡಿದ್ದು ನೀನು ಟೈಪ್ ಮಾಡಿದ ಅಂಕಿ ಮಾತ್ರ.

ಮತ್ತೆ, ಬೆಂಗಳೂರಿನ ಹಳೆಯ ಖಾತೆಯನ್ನು ಈಗಿನ ಕಂಪನಿಯ ಖಾತೆಗೆ ವರ್ಗ ಮಾಡಿಸು. ಆ ಒಂದೂ ಮುಕ್ಕಾಲು ವರ್ಷ ಈಗಿನ ಸೇವೆಗೆ ಸೇರುತ್ತದೆ.

ಕೌಲ್‌ಬಜಾರ್_ಹುಡುಗ

ಆಯಿತು ಅಕ್ಕಾ. ವರ್ಗಾವಣೆ ಅರ್ಜಿ ಈಗಲೇ ಹಾಕಿದೆ, ಹಳೆಯ ಕಂಪನಿ ಒಪ್ಪಬೇಕಾ ಈಗಿನದಾ ಅಂತ ಕೇಳುತ್ತಿದೆ. ಈಗಿನದನ್ನೇ ಆರಿಸಿದೆ. ಬಳ್ಳಾರಿಗೆ ಬಂದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ನನ್ನ ಲೆಕ್ಕ.

ಲೆಕ್ಕದಕ್ಕ

ಮಿರ್ಚಿ ಎರಡು ಪ್ಲೇಟ್. ಈಗಿನದನ್ನು ಆರಿಸಿದ್ದು ಸರಿ, ಎಚ್‌ಆರ್‌ಗೆ ಒಂದು ಮಾತು ಹೇಳಿಡು.

ನಿವೃತ್ತ_ಮೇಷ್ಟ್ರು

ಅಕ್ಟೋಬರ್ 13ರಂದು ಪಿಎಫ್ ಮಂಡಳಿ ಸಭೆಯಲ್ಲಿ ಕೆಲಸ ಬಿಟ್ಟವರು ಪೂರ್ತಿ ತೆಗೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಅಂತ ತೀರ್ಮಾನಿಸಿದ್ದಾರೆ ಅಂತ ಪತ್ರಿಕೆಯಲ್ಲಿತ್ತು. ಇದರಿಂದ ಈ ಐದು ವರ್ಷದ ಲೆಕ್ಕ ಬದಲಾಗುತ್ತದಾ?

ಲೆಕ್ಕದಕ್ಕ

ಇಲ್ಲ ಮೇಷ್ಟ್ರೇ. ಅದು ಯಾವಾಗ ತೆಗೆಯಬಹುದು ಅನ್ನುವ ಪಿಎಫ್ ನಿಯಮ. ಐದು ವರ್ಷದ್ದು ಆದಾಯ ತೆರಿಗೆ ಕಾನೂನು. ಕೆಲಸ ಬಿಟ್ಟ ಮೇಲೆ ಕಾದ ತಿಂಗಳುಗಳು ಸೇವೆಗೆ ಸೇರುವುದಿಲ್ಲ.

ಮಿಲ್_ಮಗಳು
ನವೆಂಬರ್ 17

ಪಿಎಫ್ ಕಚೇರಿಗೆ ಹೋಗಿ ಬಂದೆವು ಅಕ್ಕಾ. ಅರ್ಜಿ ತೆಗೆದುಕೊಂಡು ಮುದ್ರೆ ಹಾಕಿಕೊಟ್ಟರು. ಪ್ಯಾನ್ ಕಾರ್ಡ್‌ನಲ್ಲಿ ಅಮ್ಮನ ಹೆಸರಿನ ಜೊತೆ ಅಪ್ಪನ ಹೆಸರಿದೆ, ಆಧಾರ್‌ನಲ್ಲಿ ಇಲ್ಲ. ಮೊದಲು ಅದನ್ನು ಸರಿ ಮಾಡಿಸಿ ಅಂದರು. ಆಧಾರ್ ತಿದ್ದಿಸಬೇಕಾ, ಪ್ಯಾನ್ ತಿದ್ದಿಸಬೇಕಾ?

ಲೆಕ್ಕದಕ್ಕ

ಪಿಎಫ್ ಖಾತೆಯಲ್ಲಿ ಹೆಸರು ಹೇಗಿದೆ ನೋಡಿ. ಅದು ಆಧಾರ್‌ನಂತೆಯೇ ಇದ್ದರೆ ಪ್ಯಾನ್ ತಿದ್ದಿಸಿ. ಆನ್‌ಲೈನ್‌ನಲ್ಲೇ ಆಗುತ್ತದೆ. ಇವತ್ತೇ ಹಾಕಿ, ಡಿಸೆಂಬರ್ ಹತ್ತಿರ ಬಂತು.